ಕತ್ತಿ ಹಾಕದ ಕ್ಯಾನು

ನಿನ್ನೆ ಸಂಜೆ ಪಕ್ಕದ ಮನೆಯವರು ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆಗಳಿಗೆ ಬೆಂಕಿ ಹಚ್ಚಿದರು. ಮೇಣದ ಬತ್ತಿ ಆರಿಸಿದಂಥ ವಾಸನೆ ಅಂಗಳ ದಾಟಿ ಬಂತು. ಬೈಯಲೆಂದು ಎದ್ದವಳು ಹಾಗೇ ಕುಳಿತುಬಿಟ್ಟೆ... ಪುಂಜಾಲಕಟ್ಟೆಯ ಗುಜರಿ ಅಂಗಡಿಯ ಯಜಮಾನರು, ಊರವರೆಲ್ಲ ಬ್ಯಾರಿಗಳು ಎಂದೇ ಕರೆಯುತ್ತಿದ್ದವರು, ನೆನಪಾದರು.

ಎಂಬತ್ತರ ದಶಕದ ಆರಂಭ. ಅಲ್ಲಿನ ಶಾಲೆಯಲ್ಲಿ ನಾನು ತಾತ್ಕಾಲಿಕ ಟೀಚರು. ವಿಜ್ಞಾನ ಕಲಿಸುತ್ತಿದ್ದೆ, ಅದರ ಜಂಬವೂ ಇತ್ತು. ಬ್ಯಾರಿಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಪ್ಲಾಸ್ಟಿಕ್ಕಿನ ಜಾತಿ ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಉಗುರಿನಿಂದ ಗೀರುವರು, ಚೂರನ್ನು ನೀರಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವರು, ಆಗಲೂ ಅನುಮಾನವಿದ್ದರೆ ಸುಟ್ಟು ಮೂಸುವರು. ಮೇಣದ ವಾಸನೆ ಬಂದರೆ ಕರಗಿಸಿ ಬಕೆಟ್ ಮಾಡುವವರಿಗೆ, ಮೂಗು ಉರಿದರೆ ಬೇರೆ ರಾಶಿಗೆ. ಕೀಟನಾಶಕದ ಕ್ಯಾನು ಬಂದರೆ ಮಾತ್ರ ಮೊದಲು ಕತ್ತಿಯಿಂದ ಸೀಳಿಯೇ ಒಳಗಿಡುತ್ತಿದ್ದರು. ಆಗ ಕ್ಯಾನೆಂದರೆ ಎಲ್ಲರಿಗೂ ಆಸೆ. ಯಾರಾದರೂ ಕುಡಿಯುವ ನೀರಿಗೆ ಒಯ್ದಾರು ಎಂಬ ಹೆದರಿಕೆ ಅವರಿಗೆ.

ಒಯ್ದವಳು ನಾನೇ. ಶಾಲೆಯ ನೀರಿನ ಮಡಕೆ ಒಡೆದಿತ್ತು. ಒಂದು ಶುಕ್ರವಾರ ಬ್ಯಾರಿಗಳು ನಮಾಜಿಗೆ ಹೋಗಿದ್ದಾಗ, ಅಂಗಡಿಯೆದುರು ಆಗಷ್ಟೇ ಬಂದಿಳಿದ, ಇನ್ನೂ ಸೀಳದ ಬಿಳಿ ಕ್ಯಾನು ಕಂಡಿತು. ಆಮೇಲೆ ಹೇಳಿದರಾಯಿತೆಂದು ಎತ್ತಿಕೊಂಡು ಬಂದೆ. ಸೀಗೆಪುಡಿ ಹಾಕಿ ಮೂರು ಸಲ ತೊಳೆದೆ. ವಾಸನೆ ಹೋಯಿತು, ಇನ್ನೇನು! ಮರುದಿನ ನೀರು ತುಂಬಿಸಿ ಜಗಲಿಯಲ್ಲಿಟ್ಟೆ.

ಬಿಡುವಿನ ಗಂಟೆ ಹೊಡೆಯುವ ಮೊದಲೇ ಬ್ಯಾರಿಗಳು ಏದುಸಿರು ಬಿಡುತ್ತ ಓಡಿಬಂದರು. ಕ್ಯಾನು ಇಲ್ಲಿದೆಯೆಂದು ಯಾರೋ ಹೇಳಿದ್ದರಂತೆ.

"ಮಕ್ಕಳು ಯಾರಾದ್ರೂ ಕುಡ್ದಿದ್ದಾರಾ ಟೀಚರೇ?"

"ಇಲ್ಲ. ಚೆನ್ನಾಗಿ ತೊಳೆದಿದ್ದೇನೆ."

"ತೊಳೆದ್ರೆ ಹೋಗುದಿಲ್ಲ. ಪ್ಲಾಸ್ಟಿಕ್ಕಿನ ಒಳಗೇ ವಿಷ ಉಂಟು."

ನೀರು ಚೆಲ್ಲಿ, ಮಕ್ಕಳೆದುರೇ ಕ್ಯಾನನ್ನು ಸೀಳಿದರು. ಮರ್ಯಾದೆ ಹೋಯಿತೆಂದು ನನಗೆ ಸಿಟ್ಟು ನೆತ್ತಿಗೇರಿತು.

ಸುದ್ದಿ ಮನೆಮನೆ ತಲುಪಿತು. ಸೋಮವಾರ ಹೆತ್ತವರು ಶಾಲೆಗೆ ನುಗ್ಗಿ, ವಿಷದ ಕ್ಯಾನು ತಂದದ್ದು ಯಾರೆಂದು ಕೇಳಿದರು. ನನ್ನ ಕೆಲಸ ಹೋಯಿತೆಂದೇ ತಿಳಿದೆ. ಗಲಾಟೆ ಕೇಳಿ ಬಂದ ಬ್ಯಾರಿಗಳು ನನ್ನ ಮುಖವನ್ನೊಮ್ಮೆ ನೋಡಿದರು.

"ತಪ್ಪು ನಂದು ಮಾರಾಯ್ರೆ. ಕತ್ತಿ ಹಾಕದೆ ಟೀಚರಿಗೆ ಕೊಟ್ಟದ್ದು ನಾನು."

ಜನ ಅವರನ್ನು ಬಾಯಿಗೆ ಬಂದಂತೆ ಬೈದರು. ನಾನು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದೆ. ಆಮೇಲೆ ಎಷ್ಟೋ ಮನೆಯವರು ಅವರಿಗೆ ಗುಜರಿ ಕೊಡುವುದನ್ನೇ ಬಿಟ್ಟರು. ದಾರಿಯಲ್ಲಿ ಸಿಕ್ಕಾಗ ಅವರು ಎಂದಿನಂತೆ "ಏನು ಟೀಚರೇ" ಎನ್ನುತ್ತಿದ್ದರು. ಇವತ್ತು ನಿಜ ಹೇಳುವ, ನಾಳೆ ಹೇಳುವ ಎಂದುಕೊಳ್ಳುತ್ತಲೇ ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು...

ಅವರು ತೀರಿಹೋಗಿ ಬಹಳ ವರ್ಷಗಳಾದವು. ಆ ಊರಿನ ಹಿರಿಯರು ಈಗಲೂ ಆ ತಪ್ಪನ್ನು ಅವರ ಹೆಸರಿನಲ್ಲೇ ಹೇಳುತ್ತಾರೆ. ಅವರು ಕೊಡಲಿಲ್ಲ, ನಾನು ಎತ್ತಿಕೊಂಡು ಬಂದೆ. ಇದನ್ನು ಬರೆಯುತ್ತಿರುವುದು ಇದೇ ಮೊದಲು.