ಹುಳುವಿನ ಡಬ್ಬಿಗೆ ಸಾಣಿಗೆ

ಗೆಳೆಯರೇ, ಇವತ್ತು ನನ್ನ ಹುಳುಗಳೆಲ್ಲ ಓಣಿಯ ಕೋಳಿಗಳ ಪಾಲಾದವು.

ಬೆಟಗೇರಿಯ ಬಾಡಿಗೆ ಕೋಣೆಯಲ್ಲಿ ನಾನು ಮತ್ತು ನನ್ನ ಸಾಕುಹಲ್ಲಿ, ಇಬ್ಬರೇ. ಅದರ ಊಟಕ್ಕೆಂದು ಡಬ್ಬಿಯಲ್ಲಿ ಗೋಧಿ ಬೂಸಾ ಹಾಕಿ, ಗಜ್ಜರಿ ಚೂರು ಇಟ್ಟು ಮೀಲ್‌ವರ್ಮ್ ಹುಳು ಬೆಳೆಸುತ್ತೇನೆ. ನಳ ಬಂದಾಗ ನನ್ನ ಬ್ಯಾರಲ್ ತುಂಬಿಸಲೆಂದು ಮನೆ ಮಾಲಕಿ ಶಾಂತಕ್ಕನ ಬಳಿ ಒಂದು ಕೀಲಿ ಇರುತ್ತದೆ. ಇಂದು ನೀರು ತುಂಬಿಸಲು ಬಂದವರು ಬ್ಯಾರಲ್ ಪಕ್ಕದಲ್ಲಿದ್ದ ಆ ಡಬ್ಬಿ ತೆರೆದಿದ್ದಾರೆ.

ಸಂಜೆ ಕೆಲಸದಿಂದ ಬಂದರೆ ಬಾಗಿಲಲ್ಲೇ ಬೈಗುಳ.

"ಏನೋ ತಮ್ಮಾ, ಹಿಟ್ಟಿನ್ಯಾಗ ಇಷ್ಟ್ ಹುಳಾ ಆಗೂತನಾ ನೋಡಿಲ್ಲೇನು? ಎಲ್ಲಾ ಸಾಣಿಗಿ ಹಿಡದು ಕೋಳಿಗೆ ಹಾಕೇನಿ. ಹೇಳೋರು ಕೇಳೋರು ಯಾರೂ ಇಲ್ಲೇನ್ ನಿನಗ?"

ಇದ್ದದ್ದನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯದ ತಾಟು ಕೈಗೆ ಬಂತು.

"ಇಲ್ರೀ ಅಕ್ಕಾರ," ಎಂದೆ, ಅಷ್ಟೇ.

"ಮದ್ಲ ಉಣ್ಣು," ಎಂದರು.

ಹಲ್ಲಿ ತನ್ನ ಗಾಜಿನ ಪೆಟ್ಟಿಗೆಯೊಳಗಿಂದ ನನ್ನನ್ನೇ ನೋಡುತ್ತಿತ್ತು. ಪಾಪ, ಅದಕ್ಕೆ ಇವತ್ತು ಉಪವಾಸ. ನಾನು ಮಾತ್ರ ಹೊಟ್ಟೆ ತುಂಬ ಉಂಡೆ.

ಹೊಸ ಹುಳುಗಳನ್ನು ತರಿಸುತ್ತಿದ್ದೇನೆ. ಡಬ್ಬಿಯನ್ನು ಈ ಸಲವೂ ಬ್ಯಾರಲ್ ಪಕ್ಕದಲ್ಲೇ, ಶಾಂತಕ್ಕನ ಕಣ್ಣಿಗೆ ಬೀಳುವಂತೆಯೇ ಇಡುವವನಿದ್ದೇನೆ.