ಕುಂಕುಮ ಹಚ್ಚಿದ ಮತಪತ್ರ

ಚುನಾವಣೆಯ ದಿನ ಸಂಜೆ ಏಳೂಕಾಲಿಗೆ ನಮ್ಮತ್ತೆ ಅಂಚೆಯಲ್ಲಿ ಮನೆಗೇ ಬಂದಿದ್ದ ತಮ್ಮ ಮೊದಲ ಅಮೆರಿಕನ್ ಮತಪತ್ರವನ್ನು ದೇವರ ಮುಂದಿಟ್ಟು ಒದ್ದೆ ಕುಂಕುಮ ಹಚ್ಚಿಬಿಟ್ಟರು. ಲಗ್ನಪತ್ರಿಕೆಗೆ, ಹೊಸ ಕಾರಿಗೆ, ಮೊಮ್ಮಗಳ ಲ್ಯಾಪ್‌ಟಾಪಿಗೆ ಹಚ್ಚಿದ ಕೈ ಇದನ್ನು ಬಿಟ್ಟೀತೇ? ಮೂಲೆಗಾದರೂ ಹಚ್ಚಬಾರದೇ! ಸರಿಯಾಗಿ ಕಲ್ಲಿದ್ದಲಿನ ಪ್ರಶ್ನೆಯ ಮೇಲೇ ಹಚ್ಚಿದ್ದರು. ‘ಹೌದು’, ‘ಇಲ್ಲ’ ಎರಡರ ಸೊನ್ನೆಗಳೂ ಕೆಂಪಗಾಗಿದ್ದವು.

“ಅಯ್ಯೋ ಅತ್ತೆ! ಮೆಷಿನ್ನು ಎರಡನ್ನೂ ಓದುತ್ತೆ. ನಿಮ್ಮ ಓಟು ಹೋಯ್ತು!” ಎಂದು ಕಿರುಚಿದೆ.

“ಒಳ್ಳೇ ಕೆಲಸಕ್ಕ ಕುಂಕುಮ ಹಚ್ಚಬಾರದೇನ?” ಎಂದರು.

ಇಲ್ಲಿ ಅಭ್ಯರ್ಥಿಗಳ ಜೊತೆಗೆ ಹೊಸ ಕಾನೂನುಗಳಿಗೂ ಮತಪತ್ರದಲ್ಲೇ ಹೌದು, ಇಲ್ಲ ಕೇಳುತ್ತಾರೆ; ಅತ್ತೆಗೆ ಬೇಕಾಗಿದ್ದುದು ಅದೊಂದೇ ಪ್ರಶ್ನೆ. ಕಲ್ಲಿದ್ದಲಿನ ಮೇಲಿನ ತೆರಿಗೆಯನ್ನು ರಾಜ್ಯ ಕಂಡಕಂಡಲ್ಲಿ ಖರ್ಚು ಮಾಡದೆ ನಿಧಿಯಾಗಿ ಕೂಡಿಡಬೇಕು, ಅಸಲು ಮುಟ್ಟದೆ ಬರೀ ಬಡ್ಡಿಯಿಂದ, ಕಲ್ಲಿದ್ದಲಿನ ಧೂಳು ಕುಡಿದವರಿಗೆ ಚಿಕಿತ್ಸೆ ಕೊಡಿಸಬೇಕು ಎಂಬುದು ಅದರ ಸಾರ. ನಮ್ಮ ಮಾವ ಊರಲ್ಲಿ ಮೂವತ್ತು ವರ್ಷ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಇಳಿಸಿ, ಕೆಮ್ಮಿ ಕೆಮ್ಮಿಯೇ ಹೋದವರು.

ಕೆಟ್ಟ ಮತಪತ್ರವನ್ನು ಮತಗಟ್ಟೆಯಲ್ಲಿ ಬದಲಿಸಿ ಕೊಡುತ್ತಾರೆ. ಆದರೆ ಎಂಟಕ್ಕೆ ಬಾಗಿಲು ಹಾಕಿಬಿಡುತ್ತಾರೆ. ಮಿಲ್ಪಿಟಾಸಿನ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷದ ದಾರಿ ಅರ್ಧ ಗಂಟೆ ತಿಂದಿತು. ಪ್ರತಿ ಸಿಗ್ನಲಿನಲ್ಲೂ ನಾನು ಅತ್ತೆಯನ್ನು ಬೈದೆ. ಸುಳ್ಳೇಕೆ ಹೇಳಲಿ, ಅವರ ದೇವರನ್ನೂ ಬೈದೆ. ಅವರು ಮತಪತ್ರವನ್ನು ಎದೆಗವಚಿಕೊಂಡು ಕೂತಿದ್ದರು.

ಎಂಟಕ್ಕೆ ಐದು ನಿಮಿಷವಿರುವಾಗ ಮೇಜಿನ ಮುಂದೆ ನಿಂತೆವು. ಅಲ್ಲಿದ್ದ ಹೆಂಗಸು ನಗುನಗುತ್ತಲೇ ಕೈಚಾಚಿ, ಹಳೆಯದನ್ನು ಕೊಡಿ, ರದ್ದು ಮಾಡಿ ಹೊಸದು ಕೊಡುತ್ತೇನೆ ಎಂದಳು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ದೇವ್ರ ಮುಂದ ಇಟ್ಟದ್ದನ್ನ ರದ್ದ ಮಾಡ್ತಾರೇನವಾ? ಕೊಡಂಗಿಲ್ಲ ನಾ.”

“ಕೊಡದಿದ್ರೆ ಓಟಿಲ್ಲ, ಅತ್ತೆ. ಮಾವನಿಗೋಸ್ಕರ ಬಂದ್ರೋ, ಕಾಗದಕ್ಕೋಸ್ಕರ ಬಂದ್ರೋ?”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹಿಂದಿದ್ದವರು ಗಡಿಯಾರ ನೋಡುತ್ತಿದ್ದರು. ಅತ್ತೆ ಕುಂಕುಮದ ಕಡೆ ನೋಡಿದರು, ಬಾಗಿ ಅದನ್ನು ಕಣ್ಣಿಗೊತ್ತಿಕೊಂಡರು, ಆಮೇಲೆ ಮೇಜಿನ ಮೇಲಿಟ್ಟರು.

“ಅವ್ರ ಉಸರೇ ರದ್ದಾತು. ಇದೇನ ದೊಡ್ಡದು. ಹೊಸಾದು ಕೊಡು ಅನ್ನು.”

ಹೊಸ ಮತಪತ್ರ ಮುಟ್ಟುವ ಮೊದಲು ತಮ್ಮ ಕೆಂಪು ಬೆರಳನ್ನು ನನ್ನ ಬಿಳಿ ಕುರ್ತಾಕ್ಕೆ ಚೆನ್ನಾಗಿ ಒರೆಸಿಕೊಂಡರು. ನಾನು ಕುರ್ತಾದ ಇನ್ನೊಂದು ಅಂಚನ್ನೂ ಮುಂದೆ ಹಿಡಿದೆ.