ಎಣಿಕೆಗೆ ಸಿಗದ ಕೊರವ ಮೀನು

ಕಳೆದ ತಿಂಗಳು ದವಡೆಹಲ್ಲು ಕಾಡತೊಡಗಿದಾಗ ಅಮ್ಮ ಹತ್ತಿಯ ಉಂಡೆಯನ್ನು ಲವಂಗದೆಣ್ಣೆಯಲ್ಲಿ ಅದ್ದಿ ಕೊಟ್ಟಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೆರೆ ಏರಿಯ ಮೇಲೆ ಸಾಲಾಗಿ ಇಟ್ಟ ನೀಲಿ ಬಕೆಟ್ಟುಗಳು ನೆನಪಾದವು. ಅವುಗಳ ಮುಂದೆ ಪ್ಯಾಂಟು ಮಡಚಿಕೊಂಡು ಕುಕ್ಕರುಗಾಲಲ್ಲಿ ಕೂತ ನಮ್ಮ ಮೇಷ್ಟ್ರು ನೆನಪಾದರು. ಬಕೆಟ್ಟಿನ ನೀರಿಗೆ ಲವಂಗದೆಣ್ಣೆಯ ಕೆಲವು ಹನಿ ಹಾಕಿ ಮೀನು ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದಕ್ಕೆ ಮಂಪರು ಹತ್ತುತ್ತದೆ. ಆಗ ಹೊಟ್ಟೆಯ ಬಲಬದಿಯ ರೆಕ್ಕೆಯ ತುದಿಯನ್ನು ಕತ್ತರಿಯಿಂದ ಚೂರೇ ಚೂರು ಕತ್ತರಿಸಿ, ಒಳ್ಳೆಯ ನೀರಿನಲ್ಲಿ ಎಚ್ಚರವಾಗುವ ತನಕ ಹಿಡಿದುಕೊಂಡು, ಕೆರೆಗೆ ಬಿಡಬೇಕು. ಈ ಕೆಲಸ ಮಾಡುವಾಗ ಮೇಷ್ಟ್ರು ಮೀನಿನ ಜೊತೆ ಮಾತಾಡುತ್ತಿದ್ದರು. "ಆಯ್ತು ಮಾರಾಯ, ಆಯ್ತು, ಹೋಗು…"

ಮೇಷ್ಟ್ರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹಳೆಯ ವಿದ್ಯಾರ್ಥಿಗಳು ಸೇರಿದಲ್ಲೆಲ್ಲ ಆ ಕೆರೆಯ ಮಾತು ಬರುತ್ತದೆ, ಬಂದಾಗಲೆಲ್ಲ ಒಂದೇ ಧಾಟಿಯಲ್ಲಿ ಬರುತ್ತದೆ. ಪಾಪ, ಮೇಷ್ಟ್ರು ಅಷ್ಟು ನಿಯತ್ತಿನಿಂದ ಮೀನು ಎಣಿಸಿದರು, ಹಳ್ಳಿಯ ಜನ ಅವರಿಂದ ವಿಷಯ ಮುಚ್ಚಿಟ್ಟರು, ಮೂಢನಂಬಿಕೆಯಿಂದ ಒಳ್ಳೆಯ ಸಂಶೋಧನೆ ಹಾಳಾಯಿತು. ಕೇಳಲು ಚೆನ್ನಾಗಿದೆ. ಒಬ್ಬರು ಒಳ್ಳೆಯವರಿದ್ದಾರೆ, ಅವರಿಗೆ ಅಡ್ಡ ಬಂದ ಅಜ್ಞಾನಿಗಳಿದ್ದಾರೆ. ಚರ್ಚಾಸ್ಪರ್ಧೆಗಳಲ್ಲಿ ಹತ್ತು ವರ್ಷ ಕಳೆದವಳಾಗಿ ಹೇಳುತ್ತೇನೆ, ಇಷ್ಟು ಸಲೀಸಾಗಿ ಕೂಡಿಬರುವ ಕಥೆಯನ್ನು ಮೊದಲು ಅನುಮಾನಿಸಬೇಕು. ಯಾರು ಮುಚ್ಚಿಟ್ಟರು? ಯಾರಿಂದ? ಎಲ್ಲಿಯ ತನಕ?

ಮೇಷ್ಟ್ರು ಶಿಕಾರಿಪುರದ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಊರು ಸೊರಬದ ಕಡೆ. ದಿನವೂ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದರು. ಮೀನು ತಿನ್ನುವವರಲ್ಲ. ಆದರೆ ಯಾವ ಮೀನು ಯಾವ ಮಳೆಗೆ ಏರು ನೀರಿಗೆ ಹತ್ತುತ್ತದೆ, ಯಾವುದು ಕೆಸರಲ್ಲಿ ಹೂತುಕೊಂಡು ಬೇಸಿಗೆ ಕಳೆಯುತ್ತದೆ ಎಂಬುದೆಲ್ಲ ಅವರ ಬಾಯಲ್ಲಿತ್ತು. ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಚರ್ಚಾಸ್ಪರ್ಧೆಗೆ ಅವರು ತೀರ್ಪುಗಾರರಾಗಿದ್ದರು. ನನಗೆ ಮೊದಲ ಬಹುಮಾನ ಕೊಟ್ಟು, ಕೆಳಗಿಳಿದ ಮೇಲೆ ಕರೆದು ಕೇಳಿದರು: "ಗೆದ್ದಿ, ಸರಿ. ನೀ ಹೇಳಿದ್ದಕ್ಕೆಲ್ಲ ಆಧಾರ ಎಂತದು?" ನಾನು ತಡವರಿಸಿದೆ. "ಹಂಗಾದ್ರೆ ಗೆದ್ದಿದ್ದು ನಿನ್ನ ಗಂಟಲು ಮಾರಾಯ್ತಿ, ನೀನಲ್ಲ."

ಆ ಒಂದು ಮಾತಿಗೆ ನಾನು ಅವರ ಶಿಷ್ಯೆಯಾದೆ. ಅಲ್ಲಿಯವರೆಗೆ ನನ್ನನ್ನು ಹೊಗಳಿದವರು ಬಹಳ ಜನ ಇದ್ದರು. ನನ್ನನ್ನು ಪ್ರಶ್ನಿಸಿದವರು ಅವರೊಬ್ಬರೇ.

ಬಳ್ಳಿಗಾವಿ ದಾಟಿ ಸೊರಬದ ಕಡೆ ಹೋಗುವಾಗ ಬಲಕ್ಕೆ ಹೊರಳಿದರೆ ಆ ಕೆರೆ. ಏರಿಯ ಕೆಳಗೆ ಏಳೆಂಟು ಮನೆಗಳವರಿಗೆ ಅದರ ಮೀನೇ ಜೀವನ. ಅವರ ಪೈಕಿ ಒಬ್ಬ ಅಜ್ಜಿಗೆ ಬಾಯಿ ಜೋರು, ಊರಿನ ಗೌಡರೂ ಆಕೆಯ ಎದುರು ಮಾತು ಅಳೆದು ಆಡುತ್ತಿದ್ದರು. ಒಂದು ಮಳೆಗಾಲ ಆ ಅಜ್ಜಿಯೇ ಹೇಳಿದ್ದಳು, ಕೊರವ ಮೀನಿನ ಕೆಂಪು ಮರಿಗಳ ಹಿಂಡು ಈಗೀಗ ಕಾಣುವುದಿಲ್ಲ ಎಂದು. ಕೊರವ ಮರಿ ಕಾಯುವ ಮೀನು, ಗಂಡು ಹೆಣ್ಣು ಎರಡೂ ಮರಿಗಳ ಸುತ್ತ ತಿರುಗುತ್ತಿರುತ್ತವೆ. ದೊಡ್ಡ ಬಲೆಯಲ್ಲಿ ಅವೆರಡೂ ಹೋದರೆ ಮರಿಗಳೂ ಹೋದಂತೆ.

ಅದೇ ಹೊತ್ತಿಗೆ ಹೊರಗಿನ ಗುತ್ತಿಗೆದಾರನೊಬ್ಬ ಕೆರೆಯನ್ನು ಕೇಳಿಕೊಂಡು ಬಂದಿದ್ದ. ವರ್ಷವಿಡೀ ಎಳೆಬಲೆ ಹಾಕುವವನು. ಮೀನಿನ ಮನೆಯವರು ಬೇಡವೆಂದರು. ಎರಡು ಮಳೆಗಾಲ ಯಾರೂ ಬಲೆ ಹಾಕುವುದು ಬೇಡ, ನಾವೂ ಹಾಕುವುದಿಲ್ಲ, ಕೊರವ ಸುಧಾರಿಸಿಕೊಳ್ಳಲಿ ಎಂದರು. ಕೆರೆ ಸಮಿತಿಯವರು ಅತ್ತ ಇತ್ತ ನೋಡಿ, ಕೊನೆಗೆ ಮೇಷ್ಟ್ರ ಮೇಲೆ ಹಾಕಿದರು. ಕೆರೆಯಲ್ಲಿ ಕೊರವ ಎಷ್ಟಿದೆ ಎಂದು ಮೇಷ್ಟ್ರು ಎಣಿಸಲಿ. ಕಡಿಮೆ ಇದ್ದರೆ ಕೆರೆಗೆ ರಜೆ, ಬೇಕಾದಷ್ಟಿದ್ದರೆ ಗುತ್ತಿಗೆ. ಎರಡೂ ಕಡೆಯವರು ಒಪ್ಪಿದರು. ಅವರ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ…

ಕೆರೆಯ ಮೀನನ್ನು ಎಣಿಸುವುದು ಹೇಗೆ? ಮೇಷ್ಟ್ರು ತರಗತಿಗೆ ಒಂದು ಬೋಗುಣಿ ಅವರೆಕಾಳು ತಂದರು. ಒಂದು ಹಿಡಿ ಎತ್ತಿ ಪ್ರತಿ ಕಾಳಿಗೂ ಶಾಯಿಯ ಚುಕ್ಕೆ ಇಟ್ಟು, ಮತ್ತೆ ಬೋಗುಣಿಗೆ ಹಾಕಿ ಕಲಸಿದರು. "ಈಗ ಕಣ್ಣು ಮುಚ್ಚಿ ಒಂದು ಹಿಡಿ ತೆಗಿ. ಚುಕ್ಕೆಯವು ಬಹಳ ಬಂದ್ರೆ ಬೋಗುಣೀಲಿ ಕಾಳು ಕಡಿಮೆ. ಹುಡುಕಿದ್ರೂ ಚುಕ್ಕೆ ಸಿಗ್ಲಿಲ್ಲ ಅಂದ್ರೆ ಕಾಳು ರಾಶಿ ಇದೆ ಅಂತ." ಮೀನಿಗೂ ಅದೇ ಲೆಕ್ಕ. ಚುಕ್ಕೆಯ ಬದಲು ಕತ್ತರಿಸಿದ ರೆಕ್ಕೆ. ಎರಡನೆಯ ಹಿಡಿಗೆ ಅವರು ಆರಿಸಿಕೊಂಡದ್ದು ಕೆರೆಬೇಟೆಯನ್ನು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಸುತ್ತಲಿನ ಹಳ್ಳಿಯವರೆಲ್ಲ ಒಂದೇ ದಿನ ಕೆರೆಗೆ ಇಳಿಯುತ್ತಾರೆ. ಕೈಯಲ್ಲಿ ಕೂಣಿ, ಅಂದರೆ ಬಿದಿರಿನಿಂದ ಹೆಣೆದ ತಳವಿಲ್ಲದ ಬುಟ್ಟಿ. ಅದನ್ನು ಕೆಸರಿಗೆ ಊರಿ, ಮೇಲಿನಿಂದ ಕೈ ಹಾಕಿ, ಒಳಗೆ ಸಿಕ್ಕ ಮೀನನ್ನು ತೆಗೆಯುವುದು. ನೂರಾರು ಕೈ, ಒಂದೇ ದಿನ, ಕೆರೆಯ ಮೂಲೆ ಮೂಲೆ. ಇದಕ್ಕಿಂತ ಒಳ್ಳೆಯ ಎರಡನೆಯ ಹಿಡಿ ಯಾವ ವಿಜ್ಞಾನಿಗೆ ಸಿಕ್ಕೀತು? ಅವರ ಜಾಣತನಕ್ಕೆ ನಾನು ಅವತ್ತು ಮರುಳಾಗಿದ್ದೆ. ಸುಳ್ಳು ಯಾಕೆ, ಇವತ್ತಿಗೂ ಆ ಯೋಚನೆ ನನಗೆ ಇಷ್ಟ.

ನಾವು ಬಕೆಟ್ಟು ಹಿಡಿದು ಹೋದಾಗಲೆಲ್ಲ ಅಜ್ಜಿ ಏರಿಯ ಮೇಲೆ ಬಂದು ಕೂರುತ್ತಿದ್ದಳು. "ಅಲ್ರೀ ಮೇಷ್ಟ್ರೇ, ತಿನ್ನಂಗಿಲ್ಲ, ಮಾರಂಗಿಲ್ಲ, ಹಿಡಿದು ಹಿಡಿದು ಬಿಡ್ತೀರಲ್ಲ. ಮನ್ಯಾಗೆ ಅಮ್ಮೋರು ಏನೂ ಅನ್ನಲ್ಲೇನ್ರೀ?" ಮೇಷ್ಟ್ರು ನಗುತ್ತಿದ್ದರು.

ಕೆರೆಬೇಟೆಯ ದಿನ ಪೂಜೆ ಮುಗಿದು ಕೂಗು ಬಿದ್ದದ್ದೇ ಜನ ನೀರಿಗೆ ನುಗ್ಗಿದರು. ನಾನು ಏರಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಮನೆಗೆ ಹೋಗುವ ಮೊದಲು ಪ್ರತಿಯೊಬ್ಬರೂ ತಮ್ಮ ಮೀನು ತೋರಿಸಿ ಹೋಗಬೇಕೆಂದು ಮಾತಾಗಿತ್ತು, ಹಾಗೆಯೇ ತೋರಿಸಿದರು. ಕೊರವಗಳು ಬಂದವು. ತಿರುವಿ ತಿರುವಿ ನೋಡಿದೆ. ರೆಕ್ಕೆ ಕತ್ತರಿಸಿದವು ಬೆರಳೆಣಿಕೆಯಷ್ಟೂ ಇಲ್ಲ. ಅಂದರೆ ಬೋಗುಣಿಯಲ್ಲಿ ಕಾಳು ರಾಶಿ! ನನಗೆ ಖುಷಿಯೋ ಖುಷಿ. ನಡುನಡುವೆ ಕೆಲವರು ಕೂಣಿ ಬಿಟ್ಟು, ಎರಡೂ ಕೈಯನ್ನು ಎದೆಗವಚಿಕೊಂಡು ತೂಬಿನ ಪಕ್ಕದ ಗುಂಡಿಯವರೆಗೆ ನಡೆದು ಹೋಗಿ, ಬಗ್ಗಿ, ವಾಪಸು ಬರುತ್ತಿದ್ದರು. ಕೈ ತೊಳೆಯಲು ಹೋಗುತ್ತಿದ್ದಾರೆ ಅಂದುಕೊಂಡೆ. ಕೆಸರು ನೀರಿನ ನಡುವೆ ನಿಂತವರು ಮತ್ತೊಂದು ಕೆಸರು ಗುಂಡಿಗೆ ಕೈ ತೊಳೆಯಲು ಯಾಕೆ ಹೋಗುತ್ತಾರೆ ಎಂದು, ಎಲ್ಲವನ್ನೂ ಪ್ರಶ್ನಿಸುವ ನಾನು, ಕೇಳಲಿಲ್ಲ.

ಸಮಿತಿಯ ಸಭೆ ಸೇರಿದ್ದು ಅದಾದ ಒಂದು ತಿಂಗಳಿಗೆ, ಶಾಲೆಯ ಅಂಗಳದಲ್ಲಿ. ಮೇಷ್ಟ್ರು ಕತ್ತಿಗೆ ಟವೆಲ್ಲು ಸುತ್ತಿಕೊಂಡು ಬಂದಿದ್ದರು. "ಗಂಟಲು ಕಟ್ಟಿದೆ. ನೀನೇ ಹೇಳು, ನನಗಿಂತ ಚೆನ್ನಾಗಿ ಹೇಳ್ತಿ." ನಾನು ಎದ್ದು ನಿಂತೆ. ಅವರೆಕಾಳಿನಿಂದ ಶುರುಮಾಡಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿ, ಕೆರೆಯಲ್ಲಿ ಕೊರವ ಸಮೃದ್ಧವಾಗಿದೆ ಎಂದು ಮುಗಿಸಿದೆ.

ಅಜ್ಜಿ ಎದ್ದಳು. "ಅಷ್ಟು ಮೀನಿಲ್ಲ ತಂಗಿ. ನಿನ್ನ ಲೆಕ್ಕ ತಪ್ಪೈತಿ."

"ಎಲ್ಲಿ ತಪ್ಪಿದೆ ತೋರಿಸಿ ಅಜ್ಜಿ."

"ತೋರ್ಸಾಕೆ ಬರಲ್ಲ. ತಪ್ಪೈತಿ ಅಂದ್ನಲ್ಲ, ತಪ್ಪೈತಿ."

"ತಪ್ಪಿದೆ ಅಂದರೆ ಸಾಲದು. ನಿಮ್ಮ ಮಾತಿಗೆ ಆಧಾರ ಏನು?"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಆ ಬಾಯಾಳಿ ಅಜ್ಜಿ ಮಾತು ನಿಲ್ಲಿಸಿದ್ದನ್ನು ಊರು ಅದೇ ಮೊದಲು ನೋಡಿದ್ದು. ಆಕೆ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲ ಮೇಲಿನಿಂದ, ಹಿಂದೆ ಕೂತಿದ್ದ ಮೇಷ್ಟ್ರನ್ನು ನೋಡುತ್ತಿದ್ದಳು. "ಮೇಷ್ಟ್ರೇ, ನೀವಾದ್ರೂ ಹೇಳ್ರೀ…" ಅಂದಳು. ಹಿಂದಿನಿಂದ ಕಾಗದ ತಿರುವುವ ಸದ್ದು ಬಂತು, ಅಷ್ಟೆ. ನಾನು ಗೆದ್ದೆ.

ಕೆರೆ ಗುತ್ತಿಗೆಗೆ ಹೋಯಿತು. ಎಳೆಬಲೆ ವರ್ಷವಿಡೀ ಓಡಾಡಿತು. ನಾನು ಮುಂದೆ ಓದಲು ಹೋದೆ. ಓದಿದ್ದು ಮೀನುಗಾರಿಕೆಯನ್ನೇ, ಮೇಷ್ಟ್ರ ದೆಸೆಯಿಂದ. ಅಲ್ಲಿ ಒಂದು ಪಾಠದಲ್ಲಿ ಈ ಎಣಿಕೆಯ ಷರತ್ತುಗಳನ್ನು ಬರೆಸಿದರು. ಗುರುತಿನ ಮೀನು ಬೇರೆ ಮೀನಿನಷ್ಟೇ ಸಲೀಸಾಗಿ ಸಿಗಬೇಕು, ಸಿಕ್ಕದ್ದು ಎಣಿಸುವವನ ಕೈಗೆ ಬರಬೇಕು. ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಎದೆಗವಚಿಕೊಂಡ ಕೈಗಳು, ತೂಬಿನ ಗುಂಡಿ…

ರಜೆಗೆ ಬಂದಾಗ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಆಕೆ ಶಿಕಾರಿಪುರದ ಸಂತೆಯಲ್ಲಿ ಎಲ್ಲಿಂದಲೋ ಬಂದ ಐಸ್ ಮೀನು ಮಾರುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ, "ಬಾ ತಂಗಿ, ಆಧಾರ ಕೇಳಾಕೆ ಬಂದ್ಯಾ?" ಅಂದಳು.

ಅವತ್ತು ಅಜ್ಜಿಯಿಂದ ತಿಳಿಯಿತು, ಆ ಊರುಗಳಲ್ಲಿ ಊರದೇವತೆ ಅಮ್ಮನಿಗೆ ಹರಕೆಯ ಹೋತವನ್ನು ಕಿವಿ ಕತ್ತರಿಸಿ ಬಿಡುವ ಹಾಗೆ, ಮಕ್ಕಳಿಗೆ ಕಾಯಿಲೆಯಾದರೆ ರೆಕ್ಕೆ ಕತ್ತರಿಸಿ ಕೆರೆಗೆ ಮೀನು ಬಿಡುತ್ತಾರೆ. ರೆಕ್ಕೆ ತುಂಡಾದ ಮೀನು ಯಾರ ಕೈಗೆ ಸಿಕ್ಕರೂ ಅದನ್ನು ತೂಬಿನ ಗುಂಡಿಗೆ ಮುಟ್ಟಿಸಬೇಕು, ಅಲ್ಲಿ ಯಾರೂ ಕೂಣಿ ಊರುವುದಿಲ್ಲ. ಬಿಟ್ಟೆನೆಂದು ಬಾಯಿ ಬಿಡಬಾರದು, ಹೇಳಿದರೆ ಹರಕೆ ಹೊತ್ತವರ ಮಗುವಿಗೆ ಕೇಡು. ನಾವು ಕತ್ತರಿಸಿದ ಮೀನು ಯಾವುದು, ಯಾವುದೋ ತಾಯಿ ಕತ್ತರಿಸಿದ್ದು ಯಾವುದು ಎಂದು ಯಾರಿಗೆ ಗೊತ್ತು? ಜನ ಎಲ್ಲವನ್ನೂ ಬಿಟ್ಟರು. ಎಲ್ಲರೂ ಸುಮ್ಮನಿದ್ದರು.

"ಹೇಳಬಾರದು ಅಂದ ಮೇಲೆ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕಿತ್ತು ಅಜ್ಜಿ?" ಅಂದೆ. ಅವರ ಪರವಾಗಿ ವಾದಕ್ಕೆ ನಿಂತಿದ್ದೆ, ಆಗಲೂ.

"ನಾನು ಹೇಳಿದ್ನಲ್ಲ. ಅಮ್ಮನಿಗೆ ತಪ್ಪುಕಾಣಿಕೆ ಕಟ್ಟಿ ಹೇಳಿದೆ. ಮೀಟಿಂಗಿಗೆ ಎಂಟು ದಿನ ಮುಂಚೆ, ಅವರ ಸ್ಕೂಟ್ರು ನಿಲ್ಸಿ. 'ನೀವೇ ಹೆಂಗಾರ ಮಾಡಿ ಸರಿ ಮಾಡ್ರೀ, ನಮ್ಮ ಬಾಯಾಗೆ ಬರಂಗಿಲ್ಲ' ಅಂದೆ. 'ನೋಡ್ತೀನಿ' ಅಂದ್ರು." ಐಸು ಕರಗಿದ ನೀರನ್ನು ಕೈಯಿಂದ ಬಳಿದು ಚೆಲ್ಲಿದಳು. "ನೋಡ್ತಾ ಕುಂತ್ರು, ಅಲ್ಲೇನು?"

ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದೆಂದು ಕಲಿಸಿದವರೂ ಮೇಷ್ಟ್ರೇ. ಹಾಗಾಗಿ ಸೊರಬಕ್ಕೆ ಹೋದೆ. ನಿವೃತ್ತರಾಗಿದ್ದರು, ತುಂಬ ಇಳಿದುಹೋಗಿದ್ದರು. ಸುತ್ತಿ ಬಳಸದೆ ಕೇಳಿದೆ. ಇಲ್ಲ ಅನ್ನಲಿ ಎಂದು ನನಗೆ ಆಸೆಯಿತ್ತು…

"ಹೌದೇ ಮಾರಾಯ್ತಿ. ಹೇಳಿದ್ಲು. ಅಷ್ಟೊತ್ತಿಗೆ ಈ ಎಣಿಕೆಯ ಮೇಲಿನ ನನ್ನ ಪ್ರಬಂಧ ಒಂದು ಸಮ್ಮೇಳನಕ್ಕೆ ಒಪ್ಪಿಗೆಯಾಗಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದೊಂದೇ. ದೇವರ ಮೀನಿನಿಂದ ಲೆಕ್ಕ ಕೆಟ್ತು ಅಂತ ಬರೆದ್ರೆ ಅಲ್ಲಿನ ವಿದ್ವಾಂಸರೆಲ್ಲ ನಗಾಡ್ತಿದ್ರು ನನ್ನ. ಕೆರೆ ಇಷ್ಟು ಬೇಗ ಬರಿದಾಗ್ತದೆ ಅಂತ ನನಗೆಂತ ಗೊತ್ತು?"

"ಮತ್ತೆ ಜನ ಮುಚ್ಚಿಟ್ಟರು ಅಂತ ಕಾಲೇಜಿನಲ್ಲಿ ಹೇಳಿದ್ದು ಯಾರು ಸರ್?"

"ಯಾರೋ ಕೇಳಿದ್ರು. ಎಂತದೋ ಹೇಳಿದೆ."

"ಪ್ರಬಂಧ ನಿಮ್ಮದು, ಇರಲಿ. ಸುಳ್ಳು ಅಂತ ಗೊತ್ತಿದ್ದೂ ನನ್ನ ಬಾಯಲ್ಲಿ ಯಾಕೆ ಹೇಳಿಸಿದ್ರಿ?"

ಅವರು ಒಳಗೆ ತಿರುಗಿ, ಚಹಾ ತರಲು ಕೂಗಿದರು. ನಾನು ಚಹಾ ಬರುವ ಮೊದಲೇ ಎದ್ದುಬಂದೆ. ಅದೇ ಕೊನೆ. ಅವರು ಹೋದ ಸುದ್ದಿ ಬಂದಾಗ ನಾನು ಬೇರೊಂದು ಕೆರೆಯ ಏರಿಯ ಮೇಲೆ ಕೆಲಸದಲ್ಲಿದ್ದೆ. ಮಣ್ಣಿಗೂ ಹೋಗಲಿಲ್ಲ.

ಈಗ ಕಾಲೇಜಿನಲ್ಲಿ ಅವರ ನೆನಪಿಗೆ ಸಭೆ ಮಾಡುತ್ತಾರಂತೆ. ನೀನೇ ಮಾತಾಡಬೇಕು, ನಿನ್ನಷ್ಟು ಚೆನ್ನಾಗಿ ಯಾರು ಮಾತಾಡುತ್ತಾರೆ ಎಂದು ಫೋನು ಬಂತು. ಆಗುವುದಿಲ್ಲ ಎಂದೆ. ಅವರನ್ನು ದ್ವೇಷಿಸುತ್ತೇನೆ ಅಂದರೆ ಸುಳ್ಳಾದೀತು. ಮೀನು ಹಿಡಿಯುವಾಗ ನನ್ನ ಬೆರಳು ಇವತ್ತಿಗೂ ಅವರು ಕಲಿಸಿದ ಹಾಗೆಯೇ ಮಡಚಿಕೊಳ್ಳುತ್ತದೆ. ಹೊಸ ಸಂಗತಿಯೊಂದು ಕಂಡರೆ ಮೊದಲು ಅವರಿಗೆ ಹೇಳಬೇಕು ಅನ್ನಿಸಿ, ಆಮೇಲೆ ನೆನಪಾಗುತ್ತದೆ. ಈ ಬೇಸಿಗೆಯ ಕೆರೆಬೇಟೆಯಲ್ಲೂ ಒಂದೂ ಕೊರವ ಸಿಗಲಿಲ್ಲವಂತೆ. ಏರಿಯ ಕೆಳಗಿನ ಮನೆಗಳಲ್ಲಿ ಈಗ ಎರಡಕ್ಕೆ ಮಾತ್ರ ಬಾಗಿಲು ತೆರೆದಿದೆ.

ಅವತ್ತಿನ ಸಭೆಯಲ್ಲಿ ಅಜ್ಜಿ ನನ್ನನ್ನು ದಾಟಿ ನಿಮ್ಮ ಮುಖ ನೋಡುತ್ತಿದ್ದಳು, ಸರ್. ಗೆಲುವಿನ ಅಮಲಿನಲ್ಲಿ ನಾನು ತಿರುಗಲಿಲ್ಲ. ನಾನೂ ಒಂದು ಸಲ ತಿರುಗಿ ನಿಮ್ಮನ್ನು ನೋಡಿದ್ದರೆ, ಆ ಕಾಗದಗಳಿಂದ ನೀವು ತಲೆ ಎತ್ತುತ್ತಿದ್ದಿರಾ?